ಮಾಳವಿಕಾಳ ಪ್ರೀಆಂಪಿಗೆ ಜೋಡಿ

ಎರಡು ಸಾವಿರದ ಇಸವಿಯ ಆಚೀಚೆ, ಹೈದರಾಬಾದಿನ ಹೈಟೆಕ್ ಸಿಟಿ ಕಡೆ ಹೊಸ ಹೊಸ ಕಂಪನಿಗಳ ಬೋರ್ಡು ಏಳುತ್ತಿದ್ದ ಕಾಲದಲ್ಲಿ, ನಾನು ಸಿಕಂದರಾಬಾದಿನಲ್ಲಿ ಆಂಪ್ಲಿಫೈಯರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ರೈಲ್ವೆ ಸ್ಟೇಷನ್ನುಗಳ ಮೈಕು, ಸ್ಪೀಕರು ನೋಡಿಕೊಂಡವನು. ಆ ಕೆಲಸದಲ್ಲಿ ನಾನು ಗಟ್ಟಿಗ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾವ ಆಂಪ್ ರಿಪೇರಿಯಾದರೂ ಮೈಕು ಹಿಡಿದು, ಕಾಚಿಗೂಡದಿಂದ ಹೊರಡುವ ಗಾಡಿಯ ಘೋಷಣೆಯನ್ನು ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಹೇಳಿ ನೋಡುತ್ತಿದ್ದೆ. ಪೂರ್ತಿ ವಾಲ್ಯೂಮಿನಲ್ಲೂ ಒಂದಕ್ಷರ ಒಡೆಯದಿದ್ದರೆ ಅದು ಪಾಸು.

ಒಂದು ಶನಿವಾರ ಬೆಳಿಗ್ಗೆ ಮಾಳವಿಕಾ ಎಂಬ ಮೈಸೂರಿನ ಹುಡುಗಿ ಬಂದಳು. ಸಾಫ್ಟ್‌ವೇರ್ ಕೆಲಸ, ಬಿಡುವಿನಲ್ಲಿ ಒಂದು ರಾಕ್ ಬ್ಯಾಂಡಿಗೆ ಗಿಟಾರ್ ನುಡಿಸುತ್ತಿದ್ದಳು. ಕೈಯಲ್ಲಿ ಒಂದು ಪ್ರೀಆಂಪ್. ಗಿಟಾರಿನ ಸಣ್ಣ ಸಿಗ್ನಲ್ಲನ್ನು ಬೆಳೆಸಿ ಅದಕ್ಕೊಂದು ಗುಣ ಕೊಡುವುದು ಈ ಪೆಟ್ಟಿಗೆಯ ಕೆಲಸ. ಸ್ಪೀಕರನ್ನು ಓಡಿಸುವ ಬಲ ಮಾತ್ರ ಪವರ್ ಆಂಪಿನಿಂದ ಬರಬೇಕು. ಅವಳು ಪ್ರೀಆಂಪನ್ನು ನೇರವಾಗಿ ಹಾಡುಗಾರರ ಮೈಕ್ ಸೆಟ್ಟಿಗೆ ಜೋಡಿಸಿದ್ದರಿಂದ ನುಡಿಸಿದ್ದೆಲ್ಲ ಸೊಳ್ಳೆಯ ಗುಂಯ್‌ಗುಡಿತವಾಗಿತ್ತು. ಅಂದಿನ ಮಧ್ಯಾಹ್ನದ ಅಭ್ಯಾಸದಲ್ಲೂ ಹೀಗೇ ಆದರೆ ಬೇರೆ ಗಿಟಾರಿಸ್ಟನ್ನು ಕರೆಯುವುದಾಗಿ ಡ್ರಮ್ ಬಾರಿಸುವವನು ಹೇಳಿಬಿಟ್ಟಿದ್ದನಂತೆ.

"ಸರ್, ಈ ಊರಲ್ಲಿ ಆಫೀಸು ಬಿಟ್ರೆ ನಂಗಿರೋದು ಆ ಬ್ಯಾಂಡೊಂದೇ," ಎಂದಳು.

ಅಂಗಡಿಯಲ್ಲಿ ಹಳೆಯ ರೇಡಿಯೊದಂತೆ ಗಾಜಿನ ಟ್ಯೂಬುಗಳಿದ್ದ ಎರಡು ಪವರ್ ಆಂಪ್‌ಗಳಿದ್ದವು. ಒಂದು ನೂರು ವ್ಯಾಟಿನದು, ನಾನೇ ಕಟ್ಟಿದ್ದು. ಇನ್ನೊಂದು ಹಳೆಯದು, ಬರೀ ಮೂವತ್ತು ವ್ಯಾಟ್. ವಾಲ್ಯೂಮ್ ಅರ್ಧ ದಾಟಿದರೆ ಅದರ ಧ್ವನಿ ಒಡೆಯುತ್ತಿತ್ತು. ಅವಳು ಎರಡರಲ್ಲೂ ನುಡಿಸಿ, ಚಿಕ್ಕದರ ಮುಂದೆಯೇ ಕೂತುಬಿಟ್ಟಳು.

"ಇದೇ ಚೆನ್ನಾಗಿದೆ ಅನ್ಸತ್ತೆ ಸರ್."

"ಅದು ಮುದುಕ ಆಗೇತವಾ, ದಮ್ಮಿಲ್ಲ. ಇದನ್ನ ಕೇಳು," ಎಂದು ದೊಡ್ಡದಕ್ಕೆ ಮೈಕು ಹಚ್ಚಿ ಮೂರು ಭಾಷೆಯಲ್ಲಿ ಗಾಡಿ ಬಿಟ್ಟೆ. ಗಂಟೆ ಬಾರಿಸಿದಷ್ಟು ಸ್ವಚ್ಛ. ಅವಳು ದೊಡ್ಡದನ್ನು ಒಯ್ಯಲು ಒಪ್ಪಿದಳು. ಆದರೂ ಹಟ ಹಿಡಿದು ಚಿಕ್ಕದನ್ನೂ ಆಟೋದಲ್ಲಿ ಇಡಿಸಿಕೊಂಡಳು.

ಅಭ್ಯಾಸದ ಕೋಣೆ ಮಲ್ಕಾಜ್‌ಗಿರಿಯಲ್ಲಿತ್ತು, ನಾನೂ ಜೊತೆಗೆ ಹೋದೆ. ಟ್ಯೂಬ್ ಆಂಪನ್ನು ಸ್ಪೀಕರಿಲ್ಲದೆ ಓಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಸುಡುವ ಭಯ, ಎರಡರ ಓಮ್, ಅಂದರೆ ವಿದ್ಯುತ್ ತಡೆಯ ಸಂಖ್ಯೆಯೂ ತಾಳೆಯಾಗಬೇಕು. ಹಾಗಾಗಿ ಅಲ್ಲಿದ್ದ ಎಂಟು ಓಮ್‌ನ ಸ್ಪೀಕರಿಗೆ ದೊಡ್ಡದನ್ನು ನಾನೇ ಜೋಡಿಸಿದೆ. ಅವಳು ನುಡಿಸಿದಳು. ಒಂದು ಸ್ವರವೂ ಒಡೆಯಲಿಲ್ಲ, ಒಂದಕ್ಕೂ ಜೀವವಿರಲಿಲ್ಲ. ಡ್ರಮ್ಮಿನವನು ಕಡ್ಡಿ ಕೆಳಗಿಟ್ಟು ಉಳಿದವರ ಮುಖ ನೋಡಿದ. ಮಾಳವಿಕಾ ತಲೆ ತಗ್ಗಿಸಿ ಕೂತಳು.

ಆಗ ನನ್ನ ತಲೆಗೆ ಹೊಳೆಯಿತು. ನಾನು ಅವಳ ಗಿಟಾರಿಗೆ ಸ್ಟೇಷನ್ನಿನ ಪರೀಕ್ಷೆ ಇಟ್ಟಿದ್ದೆ. ಪ್ಲಾಟ್‌ಫಾರ್ಮಿನಲ್ಲಿ ಧ್ವನಿ ಒಡೆದರೆ ಜನ ಗಾಡಿ ತಪ್ಪಿಸಿಕೊಳ್ಳುತ್ತಾರೆ. ಈ ಸಂಗೀತಕ್ಕೆ ಆ ಒಡೆಯುವಿಕೆಯೇ ಬೇಕಿತ್ತು. ಅಷ್ಟು ಚಿಕ್ಕ ಕೋಣೆಯಲ್ಲಿ ನೂರು ವ್ಯಾಟಿನ ಟ್ಯೂಬುಗಳಿಗೆ ಬೆವರು ಬರುವಷ್ಟೂ ಕೆಲಸವಿರಲಿಲ್ಲ. ಮೂವತ್ತರದಾದರೆ ಏದುಸಿರು ಬಿಡುತ್ತ ದುಡಿಯುತ್ತಿತ್ತು.

"ತಪ್ಪು ನಂದೈತಿ. ಬೆಳಿಗ್ಗೆ ನೀ ಹೇಳಿದ್ದೇ ಖರೆ," ಎಂದು ಎಲ್ಲರೆದುರು ಹೇಳಿ ತಂತಿ ಬದಲಾಯಿಸಿದೆ. ವಾಲ್ಯೂಮನ್ನು ಅವಳೇ ಮುಕ್ಕಾಲಿನ ಆಚೆ ತಿರುಗಿಸಿದಳು. ಮೊದಲ ಸ್ವರವೇ ಗೋಡೆಗೆ ಬಡಿದು ಬಂತು: ಒರಟು, ಬಿಸಿ, ತುಂಬಿದ ಧ್ವನಿ.

ಡ್ರಮ್ಮಿನವನು ಕಡ್ಡಿ ಎತ್ತಿಕೊಂಡ. "ಹೌ, ಅಬ್ ಆಯಾ," ಎಂದ ಹೈದರಾಬಾದಿ ಹಿಂದಿಯಲ್ಲಿ. ಹೂಂ, ಈಗ ಬಂತು ಎಂದರ್ಥ. ಮುಂದಿನ ಮೂರು ವರ್ಷ ಆ ಬ್ಯಾಂಡಿಗೆ ಗಿಟಾರ್ ಅವಳದೇ ಆಗಿತ್ತು.

ನನ್ನ ಕಸುಬಿನ ಮೇಲಿನ ವಿಶ್ವಾಸ ಅಂದೂ ಕಡಿಮೆಯಾಗಲಿಲ್ಲ, ಇಂದೂ ಆಗಿಲ್ಲ. ಆದರೆ ಆಮೇಲೆ ಯಾರೇ ಬರಲಿ, ಅವರ ಕಿವಿಗೆ ಏನು ಬೇಕೆಂದು ಮೊದಲು ಕೇಳಿಯೇ ಆಂಪಿಗೆ ಕೈ ಹಚ್ಚಿದೆ. ಅಂದು ಬೆಳಿಗ್ಗೆ ಆ ಒಂದು ಮಾತು ಕೇಳಿದ್ದರೆ, ತನಗೆ ಬೇಕಾದ್ದು ಸರಿಯಾಗಿ ಗೊತ್ತಿದ್ದ ಆ ಹುಡುಗಿ ಅಷ್ಟು ಜನರ ಮುಂದೆ ತಲೆ ತಗ್ಗಿಸಬೇಕಾಗಿರಲಿಲ್ಲ.