ಮಾಬ್ಲನ ತಿದ್ದುಪಡಿ

ಹೊನ್ನಾವರದ ಕಡಲ ಕೇರಿಯಲ್ಲಿ ಕಥೆ ಬರೆಯುವವನು ಅಂತ ಇದ್ದದ್ದು ಮಾಬ್ಲ ಒಬ್ಬನೇ. ಬಂದರದ ಐಸ್ ಫ್ಯಾಕ್ಟರಿಯಲ್ಲಿ ಗುಮಾಸ್ತಿಕೆ, ಮನೆಯಲ್ಲಿ ತಾಯಿ ಕಮಲಿ, ತಲೆಯೊಳಗೆ ಮಾತ್ರ ಸದಾ ಇನ್ನೂ ಬಾರದ ಕಾಲ. ಚಂದ್ರನ ಮೇಲೆ ಉಪ್ಪು ಬೆಳೆದವರ ಕಥೆ, ಶರಾವತಿಯ ತಳದಲ್ಲಿ ಓಡುವ ಬಸ್ಸಿನ ಕಥೆ. ಬೆಂಗಳೂರಿನ ವಾರಪತ್ರಿಕೆಗಳಿಗೆ ಕಳಿಸುತ್ತಿದ್ದ. ಅವನೇ ಅಂಚೆಚೀಟಿ ಹಚ್ಚಿ ಇಟ್ಟ ಲಕೋಟೆಯಲ್ಲಿ ಅವು ಅಷ್ಟೇ ನಿಷ್ಠೆಯಿಂದ ವಾಪಸು ಬರುತ್ತಿದ್ದವು. ಒಂದಾದರೂ ಅಲ್ಲಿ ಅಚ್ಚಾಗಲಿ ಎಂಬುದು ಅವನ ಜೀವದ ಆಸೆ.

ಕೊನೆಗೆ ಕೈಹಿಡಿದದ್ದು ಕುಮಟೆಯ ತಿಮ್ಮಪ್ಪ ಮಾಸ್ತರರ ‘ಅಳಿವೆ’ ಮಾಸಿಕ. ಶಾಲೆ ಬಿಟ್ಟ ಮೇಲೆ ಮಾಸ್ತರರು ಮದುವೆ ಕಾಗದ ಅಚ್ಚುಹಾಕುವ ಪ್ರೆಸ್ಸಿಗೆ ಹೋಗಿ, ತಾವೇ ಅಚ್ಚಿನ ಮೊಳೆ ಜೋಡಿಸಿ, ತಿಂಗಳಿಗೆ ಇನ್ನೂರು ಪ್ರತಿ ತೆಗೆಯುತ್ತಿದ್ದರು. ಕಥೆಗಾರನಿಗೆ ಸಿಗುತ್ತಿದ್ದದ್ದು ಒಂದು ಗೌರವ ಪ್ರತಿ, ಮಾಸ್ತರರ ಮನೆಯಲ್ಲಿ ಒಂದು ಲೋಟ ಚಾ. ಮಸಿ ಕೈಗೆ ಅಂಟುವ ಆ ತೆಳ್ಳನೆ ಪತ್ರಿಕೆಗಳ ಕಾಲ ಎಷ್ಟು ಚೆನ್ನಾಗಿತ್ತು!

೧೯೭೫ರಲ್ಲಿ ಅದರಲ್ಲಿ ಮಾಬ್ಲನ ‘ಮೀನಿಲ್ಲದ ಕಡಲು’ ಬಂತು. ಕಥೆ ನಡೆಯುವುದು ಎರಡು ಸಾವಿರದ ಇಸವಿಯಲ್ಲಿ. ನಡುಗಡಲಿನ ಯಂತ್ರದ ದೋಣಿಗಳು ಮೀನಿನ ಹಿಂಡನ್ನೆಲ್ಲ ಬಾಚಿಬಿಡುತ್ತವೆ. ದಂಡೆಯಲ್ಲಿ ರಂಪಣಿಯವರು ಬರೀ ಹಗ್ಗ ಹಿಡಿದು ನಿಂತಿರುತ್ತಾರೆ.

ರಂಪಣಿ ಒಬ್ಬರ ಬಲೆಯಲ್ಲ. ಮನೆಗೊಂದು ತುಂಡು ತಂದು, ಎಲ್ಲ ಸೇರಿಸಿ ಉದ್ದಾನುದ್ದ ಒಂದೇ ಬಲೆ ಕಟ್ಟಿ, ಕೇರಿಗೆ ಕೇರಿಯೇ ದಂಡೆಯಿಂದ ಎಳೆಯುತ್ತಿತ್ತು. ತುಂಡಿದ್ದ ಮನೆಗೆ ಪಾಲು. ಎಲ್ಲರೂ ಮೀನಿನ ಹಿಂಡಿಗಾಗಿ ಕಾಯುತ್ತ ಕುಳಿತಿದ್ದಾಗ ನಮ್ಮ ಮಹಾಶಯ ಎದೆಯುಬ್ಬಿಸಿ ಕಥೆ ಓದಿಬಿಟ್ಟ. ಅದೂ ರಂಪಣಿಯನ್ನು ನಡೆಸುವ ತಾಂಡೇಲ ಬೊಮ್ಮನ ಹೆಸರನ್ನು ಇದ್ದ ಹಾಗೇ ಇಟ್ಟು. ಆಮೇಲೆ ಎಂಟು ದಿನ ಬಲೆಗೆ ಒಂದು ಬಂಗಡೆ ಮೀನೂ ಬೀಳಲಿಲ್ಲ.

ಒಂಬತ್ತನೆಯ ದಿನ ಬೊಮ್ಮ ಕಮಲಿಯ ತುಂಡನ್ನು ಬಲೆಯಿಂದ ಬಿಚ್ಚಿ ಅವಳ ಅಂಗಳಕ್ಕೆ ತಂದಿಟ್ಟ.

“ಬಾಯಲ್ಲಿ ಆಡಿದ ಮಾತು ಗಾಳಿಗೆ ಹೋಗ್ತದೆ ಮಾಬ್ಲ, ಅಚ್ಚಾದದ್ದು ಹೋಗೂದಿಲ್ಲ,” ಅಂದ. “ಮೀನು ಬರ್ತದೆ ಅಂತ ಅದೇ ಪತ್ರಿಕೆಲಿ ಬರ್ಸು. ಆಮೇಲೆ ತುಂಡು ಕಟ್ವ.”

ಮೂವತ್ತು ವರ್ಷ ಹಗ್ಗ ಎಳೆದ ಕಮಲಿ ದೂರದ ಮರಳಲ್ಲಿ ನಿಂತು, ಎಳೆಯುವವರನ್ನು ನೋಡಿ ಬರುತ್ತಿದ್ದಳು. ಅದನ್ನು ನೋಡಲಾರದೆ ಮಾಬ್ಲ ಕುಮಟೆಯ ಬಸ್ಸು ಹತ್ತಿದ.

“ಕಥೆಗೆ ಎಂತ ತಿದ್ದುಪಡಿ ಮಾರಾಯ?” ಎಂದು ಮಾಸ್ತರರು ಬಿದ್ದುಬಿದ್ದು ನಕ್ಕರು. ಅವನ ಮುಖ ನೋಡಿ ಬರೆದುಕೊಳ್ಳಲು ಕಾಗದ ತೆಗೆದರು. ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ ಬಂತು: ‘ಕಳೆದ ತಿಂಗಳ ಕಥೆಯಲ್ಲಿ ಮೀನು ಬರುವುದಿಲ್ಲ ಎಂದಿರುವಲ್ಲಿ ಬರುತ್ತದೆ ಎಂದು ಓದಿಕೊಳ್ಳಬೇಕು.’ ಹೆತ್ತ ಕಥೆಯ ಕುತ್ತಿಗೆ ತಾನೇ ಹಿಸುಕಿದಂತಾಗಿ ಮಾಬ್ಲನಿಗೆ ಎರಡು ದಿನ ಊಟ ಸೇರಲಿಲ್ಲ. ಆ ವಾರವೇ ಬಂಗಡೆ ಬಿತ್ತು, ದಂಡೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು. ಬೊಮ್ಮನೇ ಬಂದು ಕಮಲಿಯ ತುಂಡನ್ನು ಮತ್ತೆ ಬಲೆಗೆ ಕಟ್ಟಿಕೊಂಡ.

ಯಂತ್ರದ ದೋಣಿಗಳು ಎರಡು ಸಾವಿರದ ಇಸವಿಗೆ ಕಾಯಲಿಲ್ಲ. ಎಂಬತ್ತರ ಹೊತ್ತಿಗೆ ದೊಡ್ಡ ಬಲೆಯ ಬೋಟುಗಳು ಬಂದು ಹಿಂಡನ್ನು ನಡುಗಡಲಲ್ಲೇ ಸುತ್ತಿದವು. ರಂಪಣಿ ಎರಡು ವರ್ಷ ಬರಿಗೈಲಿ ಕಾದು, ಕಡೆಗೆ ಬಿಚ್ಚಿಕೊಂಡಿತು. ಅವರವರ ತುಂಡು ಅವರವರ ಮನೆಗೆ ಹೋಯಿತು. ಮಾಬ್ಲ ಅದೇ ಕಥೆಯನ್ನು ಮತ್ತೆ ಬೆಂಗಳೂರಿಗೆ ಕಳಿಸಿದ. ಈ ಸಲ ಅದು ವಾಪಸು ಬರಲಿಲ್ಲ. ಚಿತ್ರ ಸಮೇತ ಎರಡು ಪುಟ, ಜೊತೆಗೆ ಸಂಪಾದಕರ ಪತ್ರ: ‘ಕರಾವಳಿಯ ಇಂದಿನ ಬದುಕನ್ನು ಇದ್ದ ಹಾಗೇ ಬರೆದಿದ್ದೀರಿ.’ ಹತ್ತು ವರ್ಷ ಬೇಡಿದ್ದು ಕೈಗೆ ಬಂದ ದಿನ ಅವನು ಪತ್ರಿಕೆ ಮಡಿಲಲ್ಲಿಟ್ಟುಕೊಂಡು ಅತ್ತ.

ಸುದ್ದಿ ಕೇಳಿ ಬೊಮ್ಮ ಬಂದ. ಓದಲು ಬಾರದಿದ್ದರೂ ಪುಟ ಸವರಿ ನೋಡಿದ. ಕೋಪವಿರಲಿಲ್ಲ.

“ದೊಡ್ಡ ಪತ್ರಿಕೆ ಅಲ್ದಾ ಇದು. ಲಕ್ಷ ಜನ ಓದ್ತ್ರು ಅಂತೆ,” ಅಂದ. ಪತ್ರಿಕೆ ಮಡಚಿ ಕೊಡುತ್ತ ಮೆಲ್ಲನೆ ಕೇಳಿದ: “ಇದ್ರಲ್ಲೂ ಹಾಂಗೆ ಮೀನು ಬರ್ತದೆ ಅಂತ ಒಂದು ಗೆರೆ ಹಾಕ್ಸೂಕೆ ಆಗ್ತದ್ಯಾ ಮಾಬ್ಲ?”

ಆಗುವುದಿಲ್ಲವೆಂದು ಗೊತ್ತಿದ್ದೂ ಮಾಬ್ಲ ಬೊಮ್ಮನ ಎದುರೇ ಒಂದು ಇನ್‌ಲ್ಯಾಂಡ್ ಪತ್ರ ಬರೆದು, ಓದಿ ಹೇಳಿ, ಅಂಚೆ ಡಬ್ಬಿಗೆ ಹಾಕಿ ಬಂದ. ಉತ್ತರ ಬರಲಿಲ್ಲ. ಆದರೂ ಆ ವರ್ಷವಿಡೀ ಪತ್ರಿಕೆ ಕೈಗೆ ಬಂದ ಕೂಡಲೇ ಮಾಬ್ಲ ಮೊದಲು ಬಿಡಿಸಿ ನೋಡುತ್ತಿದ್ದದ್ದು ಕೊನೆಯ ಪುಟವನ್ನೇ.