ಬಾವಿ ಎದುರಿನ ಅಂಗಡಿ

ಅಮ್ಮ ಗಣಿಯೂರಿನವಳು ಎಂಬುದು ಪುಣೆಯಲ್ಲಿ ನಮ್ಮ ಮನೆಯ ಆಚೆಗೆ ಯಾರಿಗೂ ಗೊತ್ತಿರಲಿಲ್ಲ. ಯಾವ ಕಡೆಯವರು ಎಂದು ಯಾರಾದರೂ ಕೇಳಿದರೆ ‘ಆಂಧ್ರದ ಗಡಿ’ ಎಂದು ಮಾತು ತೇಲಿಸಿಬಿಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಬ್ರಿಟಿಷರ ಕಂಪನಿಯ ವಿರುದ್ಧ ಎದ್ದು ನಿಂತವರ ಮಗಳು ನೀನು, ಮುಚ್ಚಿಡುವಂಥದ್ದು ಏನಿದೆ ಎಂದು ರೇಗುತ್ತಿದ್ದೆ.

‘ಎದ್ದು ನಿಂತೋರು ಅಂತ ನೀನು ಈಗ ಹೇಳ್ತೀಯ. ಆಗ ನಮ್ಮನ್ನ ದಂಗೆಕೋರರು ಅಂತಿದ್ರು,’ ಎನ್ನುತ್ತಿದ್ದಳು.

ಅವಳಿಂದ ನಾನು ಕೇಳಿದ್ದು ಇಷ್ಟು. ಕೂಲಿ ಹೆಚ್ಚಿಸಿ ಎಂದು ಚಿನ್ನದ ಗಣಿಯ ಜನ ಸುರಂಗಕ್ಕೆ ಇಳಿಯುವುದನ್ನು ನಿಲ್ಲಿಸಿ ಕಂಪನಿಯ ಕಚೇರಿಗೆ ಮುತ್ತಿಗೆ ಹಾಕಿದರು. ಪೊಲೀಸರು ಬಂದು ತಾತನನ್ನು ಎಳೆದೊಯ್ದರು. ಇದು ದಂಗೆ, ಗಣಿಯವರಿಗೆ ಕಾಳು ಮಾರಿದವನ ಅಂಗಡಿ ಇರುವುದಿಲ್ಲ ಎಂದು ಅಧಿಕಾರಿಗಳು ಡಂಗುರ ಹೊಡೆಸಿದರು. ಅಂಗಡಿಗಳೆಲ್ಲ ಕಂಪನಿಯ ಜಾಗದಲ್ಲೇ ಇದ್ದವು. ಪೇಟೆಯವರು ತೆಪ್ಪಗೆ ಬಾಗಿಲು ಹಾಕಿಕೊಂಡರು. ಅದುವರೆಗೆ ನಗುನಗುತ್ತಾ ಮಾತಾಡಿಸುತ್ತಿದ್ದವರೇ, ಸೊಕ್ಕು ಹೆಚ್ಚಾಗಿತ್ತು, ಅನುಭವಿಸಲಿ ಎಂದರು. ಅಮ್ಮನ ತಾಯಿಯ ಎದೆಹಾಲು ಬತ್ತಿತು. ಅಮ್ಮನ ತಮ್ಮ ಇನ್ನೂ ಮೊಲೆ ಬಿಡದ ಕೂಸು. ಅತ್ತು ಅತ್ತು, ಒಂದು ದಿನ ಅಳುವುದನ್ನು ನಿಲ್ಲಿಸಿತು. ಇದನ್ನು ಅಮ್ಮ ನನಗೆ ಒಮ್ಮೆ ಮಾತ್ರ ಹೇಳಿದ್ದಳು, ಮೊರದಲ್ಲಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ.

ನನ್ನ ಬ್ಯಾಂಕಿನ ಕೆಲಸದಿಂದಾಗಿ ಪುಣೆಗೆ ಬಂದವಳು, ಮರಾಠಿ ಬಾರದೆ ಮೂಕಿಯ ಹಾಗೆ ಕೂತಿರುತ್ತಿದ್ದಳು. ಕೆಳಗಿನ ಮಹಡಿಯ ಅಜ್ಜಿ ಸಿಕ್ಕ ಮೇಲೆ ಅವಳಿಗೆ ಜೀವ ಬಂತು. ಅವರದು ವಿಜಯಪುರದ ಕಡೆಯ ಕಾಳಿನ ವ್ಯಾಪಾರಸ್ಥರ ಮನೆತನ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅವರ ಕನ್ನಡ ಅಮ್ಮನಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅಮ್ಮನ ಕನ್ನಡ ಕೇಳಿ ಅವರು ಬಿದ್ದುಬಿದ್ದು ನಗುತ್ತಿದ್ದರು. ಆದರೂ ಮಧ್ಯಾಹ್ನವಾದರೆ ಇವಳು ಅಲ್ಲಿ, ಇಲ್ಲವೇ ಅವರು ಇಲ್ಲಿ. ನಾನು ದುಡಿದು ಸುಸ್ತಾಗಿ ಬಂದರೆ ಒಂದು ಲೋಟ ಚಹಾಕ್ಕೂ ಗತಿಯಿರುತ್ತಿರಲಿಲ್ಲ. ಅಮ್ಮ ನಗುವುದು ಕೇಳಿಸುತ್ತಿತ್ತಲ್ಲ, ಅಷ್ಟೇ ಸಾಕಾಗಿತ್ತು.

ಒಂದು ಭಾನುವಾರ ಇಬ್ಬರನ್ನೂ ಜೇಜುರಿಗೆ ಕರೆದುಕೊಂಡು ಹೋದೆ. ಅಲ್ಲಿನ ಬೆಟ್ಟದ ಮೇಲಿನ ಖಂಡೋಬ ಅಜ್ಜಿಯ ಮನೆದೇವರು. ಮೆಟ್ಟಿಲು ಹತ್ತುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಕೆಳಗಿನಿಂದಲೇ ಕೈಮುಗಿದು ನೆರಳಲ್ಲಿ ಕೂತೆವು. ಅಜ್ಜಿ ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. ಮೇಲಿನಿಂದ ಇಳಿಯುವವರೆಲ್ಲ ಅರಿಸಿನದ ಭಂಡಾರದಲ್ಲಿ ಮಿಂದಿದ್ದರು.

‘ನೋಡ್ರಿ, ಎಲ್ಲಾರೂ ಹೆಂಗ ಬಂಗಾರ ಆಗ್ಯಾರ!’ ಎಂದರು ಅಜ್ಜಿ. ‘ನಾ ಸಣ್ಣಾಕಿದ್ದಾಗ ಬಂಗಾರದ ಗಣಿ ಊರಾಗ ಇದ್ನಿ. ನಮ್ಮಪ್ಪಂದು ಅಲ್ಲೆ ಕಾಳಿನ ಅಂಗಡಿ ಇತ್ತು. ಒಮ್ಮೆ ಗಣಿ ಮಂದಿ ದಂಗೆ ಎದ್ರು. ಅಪ್ಪ ಬಾಗಲಾ ಹಾಕೇ ಬಿಟ್ಟ. ಸಾಲಿ ಇಲ್ಲ, ಏನಿಲ್ಲ. ನಾವು ಹುಡುಗ್ರು ಅಕ್ಕಿ ಚೀಲದ ಮ್ಯಾಲಿಂದ ಇಡೀ ದಿನ ಜಾರತಿದ್ವಿ. ಹೊರಗ ಮಂದಿ ಡಬ್ಬಿ ಹಿಡಕೊಂಡು ಕೂಗತಿದ್ರು. ಬಾಗಲಾ ಹಲಗೀ ಸಂದ್ಯಾಗಿಂದ ನೋಡಿ, ನಾವೂ ಅವರಂಗ ಕೂಗಿ ನಗತಿದ್ವಿ. ಭಾಳ ಚೈನಿ ಇತ್ರಿ ಆವಾಗ. ಅಂಥಾ ದಿನಾ ಮತ್ತ ಬರಲಿಲ್ಲ.’

‘ನಿಮ್ಮಂಗಡಿ ಬಾವಿ ಎದುರಿಗಿತ್ತಾ?’ ಎಂದಳು ಅಮ್ಮ.

‘ಹೌದ್ರಿ! ನಿಮಗ ಹೆಂಗ ಗೊತ್ತಾತು?’

‘ಎಲ್ಲಾ ಊರಲ್ಲೂ ಅಂಗಡಿ ಬಾವಿ ಹತ್ರಾನೇ ಇರುತ್ತಲ್ಲ.’

ಕೈಯಲ್ಲಿದ್ದ ತುತ್ತನ್ನು ತಟ್ಟೆಯಂಚಿಗೆ ಇಟ್ಟಳು. ಮತ್ತೆ ಎತ್ತಿಕೊಳ್ಳಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ಅಜ್ಜಿ ಅಮ್ಮನ ಭುಜಕ್ಕೆ ಒರಗಿ ನಿದ್ದೆಹೋದರು. ಅವರಿಗೆ ಎಚ್ಚರವಾದೀತೆಂದು ಅಮ್ಮ ಮನೆ ಬರುವವರೆಗೂ ಅಲುಗಾಡಲಿಲ್ಲ.

ಮನೆಗೆ ಬಂದದ್ದೇ ನಾನು ಕೂಗಾಡಿದೆ. ನಾಳೆಯೇ ಕೆಳಗೆ ಹೋಗಿ, ಆ ಡಬ್ಬಿ ಹಿಡಿದವರು ಯಾರು ಎಂದು ಹೇಳಿಬಿಡುತ್ತೇನೆ ಎಂದೆ.

‘ಅವಳಿಗೆ ಆಗ ಆರೋ ಏಳೋ. ಅವಳಿಗೇನು ಗೊತ್ತಿತ್ತು?’ ಎಂದಳು ಅಮ್ಮ. ‘ಅವಳಿಗೂ ಇರೋದು ಒಂದೇ ಬಾಲ್ಯ ಕಣೇ. ಅದನ್ನ ಈಗ ಯಾಕೆ ಕೆಡಿಸ್ತೀಯ?’

‘ನಿನ್ನದು?’

‘ನಂದು ಕೆಟ್ಟಾಗಿದೆಯಲ್ಲ, ಬಿಡು.’ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು.

ಇಷ್ಟು ದೊಡ್ಡ ಮಾತಾಡಿದವಳಿಗೆ ಆಮೇಲೆ ಆ ಮನೆಯ ಒಂದು ತುತ್ತೂ ಇಳಿಯಲಿಲ್ಲ. ಅಜ್ಜಿ ಏನಾದರೂ ಕಳಿಸಿದರೆ ಹೊಟ್ಟೆ ಸರಿಯಿಲ್ಲ ಎಂದು ನನ್ನ ಮುಂದೆ ತಳ್ಳುತ್ತಿದ್ದಳು. ಮಧ್ಯಾಹ್ನ ಕೆಳಗೆ ಹೋಗುವುದನ್ನು ಮಂಡಿನೋವಿನ ನೆಪ ಹೇಳಿ ಕಡಿಮೆ ಮಾಡಿದಳು. ಹೋಗದ ದಿನ ಕಿಟಕಿಯ ಬಳಿ ಕೂತು ಅಳುತ್ತಿದ್ದಳು. ‘ಮನಸ್ಸು ಒಪ್ಪುತ್ತೆ, ಗಂಟಲು ಒಪ್ಪಲ್ಲ. ನಾನೇನು ಮಾಡ್ಲಿ?’ ಎಂದು ನನ್ನನ್ನೇ ಕೇಳಿದಳು. ತಮ್ಮನನ್ನು ಕಿತ್ತುಕೊಂಡದ್ದು ಸಾಲದೆಂದು, ಈ ವಯಸ್ಸಿನಲ್ಲಿ ಇದ್ದೊಬ್ಬ ಗೆಳತಿಯನ್ನೂ ಆ ದಂಗೆ ಕಿತ್ತುಕೊಂಡಿತ್ತು.

ಮಳೆಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದಳು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕೈಚೆಲ್ಲಿದರು. ಅಜ್ಜಿ ದಿನವೂ ಅಕ್ಕಿಗಂಜಿ ಮಾಡಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾನು ಮಾಡಿದ ಗಂಜಿಯನ್ನು ಅಮ್ಮ ಎರಡು ಗುಟುಕಾದರೂ ಕುಡಿಯುತ್ತಿದ್ದಳು. ಅಜ್ಜಿ ಚಮಚ ಎತ್ತಿದರೆ ತುಟಿ ಬಿಗಿಯಾಗುತ್ತಿತ್ತು. ‘ಒಂದ ಚಮಚಾ, ನನ್ನವ್ವಾ, ನನ್ನ ಸಲುವಾಗಿ,’ ಎಂದು ಅವರು ಗೋಗರೆದರು. ಅಮ್ಮ ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಕಣ್ಣಿಂದ ನೀರು ಹರಿಯಿತು, ಬಾಯಿ ಮಾತ್ರ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟಳು.

ಕಾರ್ಯ ಮುಗಿದ ಮೇಲೆ ಅಜ್ಜಿ ಒಬ್ಬರೇ ಉಳಿದರು. ಖಾಲಿ ಮಂಚದ ಮೇಲೆ ಕೈಯಾಡಿಸುತ್ತಾ ಕೂತಿದ್ದವರು ನನ್ನ ಕಡೆ ತಿರುಗಿದರು.

‘ಖರೇ ಹೇಳವ್ವಾ. ನನ್ನ ಕೈಯಾನ ಗಂಜಿ ಯಾಕ ಕುಡೀಲಿಲ್ಲ ಆಕಿ? ನಾ ಏನ್ ತಪ್ಪ ಮಾಡಿದ್ನಿ?’

ಹೇಳಿಬಿಡಬೇಕು ಎನ್ನಿಸಿತು. ಅಮ್ಮನೇ ಇಲ್ಲ, ಇನ್ನು ಆಣೆ ಯಾರಿಗೆ ಎಂದೂ ಎನ್ನಿಸಿತು. ಅವರ ಮುಖ ನೋಡಿದೆ.

‘ಏನೂ ಇಲ್ಲ ಅಜ್ಜಿ. ಅವಳಿಗೆ ಹಸಿವಿರಲಿಲ್ಲ,’ ಎಂದೆ.

ಅಜ್ಜಿ ನಂಬಿದರು.