ಸಾಕಮ್ಮ ನೋಡಿದ ಸಾಕ್ಷ್ಯಚಿತ್ರ

ಕಬ್ಬು ಅರೆಯುವ ಕಾಲ ಬಂತೆಂದರೆ ಪಾಂಡವಪುರದ ಸುತ್ತಿನ ನಮ್ಮ ಊರುಗಳಿಗೆಲ್ಲ ಆಗ ಒಂದೇ ವಾಸನೆ. ತೊಂಬತ್ತರ ದಶಕದ ಆ ದಿನಗಳಲ್ಲಿ ನಾವು ಹೈಸ್ಕೂಲಿಗೆ ನಡೆದೇ ಹೋಗುತ್ತಿದ್ದೆವು. ಟ್ರಾಕ್ಟರಿನಿಂದ ಜಲ್ಲೆ ಎಳೆದುಕೊಂಡು, ಹಲ್ಲಿನಲ್ಲಿ ಸಿಗಿಯುತ್ತ, ಅಂಟಂಟು ತುಟಿಯಲ್ಲೇ ಪ್ರಾರ್ಥನೆಗೆ ನಿಲ್ಲುತ್ತಿದ್ದೆವು. ನಿಮ್ಮಲ್ಲೂ ಎಷ್ಟೋ ಜನ ಹಾಗೆ ನಿಂತವರಿರಬಹುದು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ಮೈಸೂರಿನಿಂದ ಶೈಲಜಾ ಮೇಡಂ ಕನ್ನಡ ಪಾಠಕ್ಕೆ ಬಂದರು. ಜೀವನಚರಿತ್ರೆ ಎಂದರೇನು ಎಂಬುದನ್ನು ಬಾಯಿಪಾಠ ಮಾಡಿಸುವ ಬದಲು ಒಂದು ಸಾಕ್ಷ್ಯಚಿತ್ರ ತೋರಿಸಿಯೇ ಪಾಠ ಮಾಡುತ್ತೇನೆ ಎಂದರು. ಹೆಸರಾಂತ ಸಿನಿಮಾ ನಟಿಯೊಬ್ಬರ ಬದುಕಿನ ಚಿತ್ರ ಅದು. ಶನಿವಾರ ಟಿ.ವಿ., ವಿಡಿಯೊ ಡೆಕ್ಕು ಎಲ್ಲ ಬರುತ್ತದೆ ಅಂದಾಗ ಹುಡುಗರು ಬೆಂಚು ಬಡಿದರು.

ನನ್ನ ಪಕ್ಕ ಕೂರುತ್ತಿದ್ದ ಸುಧಾ ಮಾತ್ರ ಬೆವರುತ್ತಿದ್ದಳು. ಊಟದ ಹೊತ್ತಿಗೆ ನನ್ನನ್ನು ಹೊಂಗೆಮರದ ಹಿಂದಕ್ಕೆ ಎಳೆದುಕೊಂಡು ಹೋಗಿ, "ಯಾರ್ಗೂ ಏಳ್ಬ್ಯಾಡ ಕಣಮ್ಮಿ. ಆ ಸಿನಿಮಾದ ಆಯಮ್ಮ ನಮ್ಮಜ್ಜಿ. ನಮ್ಮವ್ವನ್ನ ಎತ್ತಿರೋಳು ಅವಳೇಯ" ಅಂದಳು.

ನಾನು ನಂಬಲಿಲ್ಲ. ಮನೆಗೆ ಹೋಗಿ ನಮ್ಮಜ್ಜಿಯನ್ನು ಕೇಳಿದೆ. ಹುಚ್ಚೆಳ್ಳು ಹುರಿಯುತ್ತಿದ್ದ ಅಜ್ಜಿ ಕೈ ನಿಲ್ಲಿಸಿ, ಬಾಗಿಲ ಕಡೆ ಒಮ್ಮೆ ನೋಡಿದಳು.

"ದಿಟ ಕಣವ್ವ. ನಿಂಗಿ ಅಂತ ಅವಳೆಸ್ರು. ನಾಗಮಂಗಲದ ಕಡೆಯಿಂದ ಸೊಸೆಯಾಗಿ ಬಂದೋಳು. ಗಂಡನ ಏಟು ತಡೀನಾರ್ದೆ ನಾಟಕದ ಕಂಪ್ನಿ ಜತೇಲಿ ಒಂಟೋದ್ಲು. ಸಾಕಮ್ಮ ಇನ್ನೂ ಅಂಬೆಗಾಲು ಇಕ್ತಿದ್ಲು. ತಪ್ಪು ಅಂತ ಎಂಗನ್ನನ? ಸರಿ ಅಂತಾನೂ ಅನ್ನಕ್ಕಾಗಕಿಲ್ಲ."

ಸುಧಾಳ ಅವ್ವ ಸಾಕಮ್ಮ ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದವಳು. ಹೆತ್ತವಳ ಸಿನಿಮಾಗಳನ್ನು ಟೆಂಟಿನಲ್ಲಿ ನೋಡಿದ್ದಳು. ಆದರೆ ಅಲ್ಲಿ ಅವಳು ಯಾವುದೋ ಊರಿನ ರಾಣಿ, ಯಾರದೋ ಅತ್ತೆ. ಅವಳು ಅವಳಾಗಿಯೇ ಮಾತಾಡುವುದನ್ನು ಸಾಕಮ್ಮ ಒಮ್ಮೆಯೂ ಕೇಳಿರಲಿಲ್ಲ. ಶನಿವಾರದ ಚಿತ್ರದ ಸುದ್ದಿ ಕೇಳಿ, ತನಗೂ ತೋರಿಸಬೇಕೆಂದು ಮಗಳ ಹಿಂದೆ ಬಿದ್ದಳು.

ನಾವಿಬ್ಬರೂ ಹೋಗಿ ಮೇಡಂಗೆ ಇದ್ದದ್ದನ್ನೆಲ್ಲ ಹೇಳಿದೆವು. ಅವರು ಆ ಚಿತ್ರವನ್ನು ಆಗಲೇ ನೋಡಿದ್ದವರು. ಕೇಳುತ್ತ ಕೇಳುತ್ತ ಅವರ ಮುಖ ಬಾಡಿತು.

"ನಿಮ್ಮ ತಾಯಿ ಬರೋದು ಬೇಡ ಸುಧಾ. ಇದು ಮಕ್ಕಳಿಗೋಸ್ಕರ ಮಾಡಿರೋದು" ಎಂದರು.

"ಬತ್ತೀನಿ ಅಂತ ಕುಂತವ್ಳೆ ಮೇಡಂ. ಬ್ಯಾಡ ಅಂದ್ರೆ ಅಳ್ತಾಳೆ."

ಕಾರ್ಯಕ್ರಮ ನಿಲ್ಲಿಸೋಣವೆಂದರೆ ಹೆಡ್ಮಾಸ್ಟರು ಹತ್ತನೆಯವರನ್ನೂ ಸೇರಿಸಿಬಿಟ್ಟಿದ್ದರು.

ಶನಿವಾರ ಸಾಕಮ್ಮ ಮದುವೆ ಮನೆಗೆ ಬಂದವಳ ಹಾಗೆ ಬಂದಳು. ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ, ಮುಡಿಯಲ್ಲಿ ಕನಕಾಂಬರ. ಹಿಂದಿನ ಬೆಂಚಿನಲ್ಲಿ ನಮ್ಮಿಬ್ಬರ ನಡುವೆ ಕೂತಳು. ಪರದೆಯ ಮೇಲೆ ಆ ನಟಿ ಸೋಫಾದಲ್ಲಿ ಒರಗಿ, ಕನ್ನಂಬಾಡಿಯ ಶೂಟಿಂಗು, ಸಿಕ್ಕ ಹಾರ ತುರಾಯಿ ಎಲ್ಲ ಹೇಳಿಕೊಳ್ಳುತ್ತಿದ್ದರು. ಮಾತಿನ ನಡುವೆ ಎಲ್ಲೋ "ಅಂಗಲ್ಲ" ಎಂದು ಬಾಯಿ ತಪ್ಪಿ ಬಂತು. ಸಾಕಮ್ಮ ನನ್ನ ಮೊಣಕೈ ತಿವಿದು, "ನೋಡ್ದಾ, ನಮ್ ಕಡೆ ಮಾತು ಇನ್ನೂ ಓಗಿಲ್ಲ" ಎಂದು ನಕ್ಕಳು.

ಸ್ವಲ್ಪ ಹೊತ್ತಿಗೆ ಮೇಡಂ ಎದ್ದು ಡೆಕ್ಕು ನಿಲ್ಲಿಸಿದರು. "ಸಾಕು ಮಕ್ಕಳೇ, ಉಳಿದಿದ್ದು ಅಷ್ಟೇನಿಲ್ಲ." ಹುಡುಗರು ಗಲಾಟೆ ಎಬ್ಬಿಸಿದರು. ಸಾಕಮ್ಮ ಎದ್ದು ನಿಂತು ಕೈ ಮುಗಿದಳು. "ಪೂರ್ತಿ ತೋರ್ಸವ್ವ. ಇನ್ನೊಂದ್ಸಲ ನನ್ಗೆಲ್ಲಿ ಸಿಕ್ಕಾಳು?"

ಮೇಡಂ ಅವಳನ್ನು ನೋಡಿದರು, ನಮ್ಮನ್ನು ನೋಡಿದರು. ಮತ್ತೆ ಹಾಕಿದರು.

ಸಂಸಾರದ ಬಗ್ಗೆ ಹೇಳಿ ಎಂದು ಚಿತ್ರದಲ್ಲಿ ಯಾರೋ ಕೇಳಿದರು. ನಟಿ ಸೆರಗು ಸರಿಮಾಡಿಕೊಂಡು, "ನನಗೆ ಮಕ್ಕಳ ಭಾಗ್ಯ ಇರಲಿಲ್ಲ. ಆ ಕೊರಗೂ ಇಲ್ಲ. ಅಭಿಮಾನಿಗಳೇ ನನ್ನ ಮಕ್ಕಳು" ಎಂದರು.

ಏನೂ ತಿಳಿಯದ ನಮ್ಮ ಕ್ಲಾಸಿನವರೆಲ್ಲ ಜೋರಾಗಿ ಚಪ್ಪಾಳೆ ಹೊಡೆದರು. ಸಾಕಮ್ಮ ಅತ್ತಿತ್ತ ನೋಡಿ ತಾನೂ ಚಪ್ಪಾಳೆ ತಟ್ಟಿದಳು. ಸುಧಾ ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು. ನಾನು ಏನು ಮಾಡಬೇಕೆಂದು ತಿಳಿಯದೆ ಮುಂದಿನ ಬೆಂಚನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದೆ.

ಚಿತ್ರ ಮುಗಿದ ಮೇಲೆ ಮೇಡಂ ಬಾಗಿಲ ಬಳಿ ಬಂದರು. ಸಾಕಮ್ಮನೇ, "ಚೆನ್ನಾಗವ್ಳೆ ಬುಡಿ. ವಯ್ಸೇ ಕಾಣಕಿಲ್ಲ" ಎಂದಳು. "ಎಮ್ಮೆಗೆ ನೀರು ತೋರಿಸ್ಬೇಕು, ಬತ್ತೀನಿ." ಬಿಸಿಲಿನಲ್ಲಿ ಬಿರಬಿರನೆ ಹೋಗಿಬಿಟ್ಟಳು.

ಸೋಮವಾರ ಪಾಠ ಮುಂದುವರಿಯಿತು. ನಟಿಯ ಬದುಕಿನ ಬಗ್ಗೆ ಒಂದು ಪುಟ ಬರೆಯಿರಿ ಎಂದರು ಮೇಡಂ. ಸುಧಾ ಎದ್ದು ನಿಂತು, "ಮೇಡಂ, ಅವರು ಏಳ್ದೇ ಇರೋದ್ನ ಬರೀಬೋದಾ?" ಎಂದು ಕೇಳಿದಳು.

ಕ್ಲಾಸು ನಕ್ಕಿತು. ಮೇಡಂ ಸೀಮೆಸುಣ್ಣ ಹಿಡಿದುಕೊಂಡು ಬೋರ್ಡಿನ ಕಡೆ ತಿರುಗಿದರು. ಆಮೇಲೆ, "ನಿನ್ನಿಷ್ಟ ಕಣಮ್ಮ" ಎಂದರು. ಸುಧಾ ಏನನ್ನೂ ಬರೆಯಲಿಲ್ಲ. ಮೇಡಂ ಕೇಳಲೂ ಇಲ್ಲ. ಮುಂದಿನ ವರ್ಷ ಅವರು ಮೈಸೂರಿಗೆ ವರ್ಗ ಮಾಡಿಸಿಕೊಂಡು ಹೋದರು.

ಎಷ್ಟೋ ವರ್ಷಗಳ ಮೇಲೆ ಆ ನಟಿ ತೀರಿಕೊಂಡರು. ಸುಧಾ ಅವ್ವನನ್ನು ಕೊನೆಯ ದರ್ಶನಕ್ಕೆ ಬೆಂಗಳೂರಿಗೆ ಕರೆದುಕೊಂಡು ಹೋದಳಂತೆ. ಅಲ್ಲಿ ನೆಂಟರಿಗೆ ಒಂದು ಸಾಲು, ಮಿಕ್ಕವರಿಗೆ ಇನ್ನೊಂದು. ಯಾರ ಕಡೆಯವರಮ್ಮ ಎಂದು ಪೊಲೀಸಿನವನು ಕೇಳಿದನಂತೆ. ಸುಧಾ ಬಾಯಿ ತೆರೆಯುವ ಮೊದಲೇ ಸಾಕಮ್ಮ, "ಅಭಿಮಾನಿ ಕಣಪ್ಪ" ಎಂದು ಉದ್ದನೆಯ ಸಾಲಿಗೆ ಹೋಗಿ ನಿಂತಳಂತೆ. ಹತ್ತಿರ ಹೋಗಿ ಮುಖ ನೋಡುವಷ್ಟರಲ್ಲಿ ಹಿಂದಿನವರು ಮುಂದಕ್ಕೆ ತಳ್ಳಿದರಂತೆ.

"ಒಂದ್ಸಲನಾದ್ರೂ ಅವಳ್ನ ಬಯ್ದಿದ್ರೆ ನನ್ಗೆ ಸಮಾಧಾನ ಆಗೋದು ಕಣೆ. ಸಾಯೋಗಂಟ ಒಂದ್ ಮಾತು ಅನ್ಲಿಲ್ಲ ನಮ್ಮವ್ವ" ಎಂದು ಸುಧಾ ಮೊನ್ನೆ ಹೇಳಿದಳು.

ನಮ್ಮಜ್ಜಿ ಹೋದಳು, ಸಾಕಮ್ಮ ಹೋದಳು. ಆ ನಟಿಯ ಸಿನಿಮಾಗಳು ಇವತ್ತಿಗೂ ಬರುತ್ತವೆ, ಜನ ನೋಡುತ್ತಾರೆ. ಆದರೆ ನಿಂಗಿ ಎಂಬ ಸೊಸೆಯೊಬ್ಬಳು ನಮ್ಮೂರಿನಲ್ಲಿ ಬಾಳಿದ್ದಳು, ಒಂದು ಕೂಸನ್ನು ಬಿಟ್ಟು ಹೋಗಿದ್ದಳು ಎಂದು ಊರಿನವರಲ್ಲಿ ತಿಳಿದವರು ಈಗ ಸುಧಾ, ನಾನು ಇಬ್ಬರೇ.